ಕಥೆ ಓದಿ, ‘ನೀತಿ ಏನು?’ ಅಂತ ಮಾತ್ರ ಕೇಳಬೇಡಿ

ಪ್ರಶ್ನೆ: ನನ್ನ ಮಗ ಮೂರನೇ ಕ್ಲಾಸ್. ಸ್ಕೂಲ್ ವ್ಯಾನ್‌ನಲ್ಲಿ ದೊಡ್ಡ ಹುಡುಗರು ‘ಡುಮ್ಮ’, ‘ಆನೆ ಮರಿ’ ಅಂತ ಆಡಿಕೊಳ್ಳುತ್ತಾರಂತೆ, ಟಿಫಿನ್ ಡಬ್ಬಿ ಕಿತ್ತುಕೊಳ್ಳುತ್ತಾರಂತೆ. ಇದನ್ನೂ ಪಕ್ಕದ ಮನೆ ಹುಡುಗಿ ಹೇಳಿದ್ದು. ಇವನು ಬಾಯೇ ಬಿಡುವುದಿಲ್ಲ. ಬೆಳಿಗ್ಗೆಯಾದರೆ ಹೊಟ್ಟೆನೋವು ಅನ್ನುತ್ತಾನೆ. ಕಥೆ ಪುಸ್ತಕ ಓದಿಸಿ ಎಂದು ಯಾರೋ ಹೇಳಿದರು. ಓದಿ ಮುಗಿಸಿ ‘ಇದರಿಂದ ಏನು ಕಲಿತೆ?’ ಎಂದರೆ ಎದ್ದು ಹೋಗುತ್ತಾನೆ. ಏನು ಮಾಡಲಿ ಮೇಡಂ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಎದ್ದು ಹೋಗುವುದರಲ್ಲಿ ಅವನ ತಪ್ಪಿಲ್ಲ ಬಿಡಿ. ಅಲ್ಲಿಯತನಕ ಕಥೆಯಾಗಿದ್ದದ್ದು ಆ ಒಂದು ಪ್ರಶ್ನೆಯಿಂದ ಪರೀಕ್ಷೆಯಾಯಿತು.

‘ನನಗೆ ಹೀಗೆ ಮಾಡಿದರು’ ಎನ್ನಲು ಮಕ್ಕಳಿಗೆ ನಾಚಿಕೆ. ಹೇಳಿದರೆ ಅಮ್ಮ ವ್ಯಾನ್ ಹತ್ತಿರ ಬಂದು ಜಗಳ ತೆಗೆದಾಳು, ನಾಳೆ ಅವರು ಇನ್ನೂ ಜಾಸ್ತಿ ಕಾಡಿಯಾರು ಎಂಬ ಭಯ ಬೇರೆ. ಕಥೆಯ ಪಾತ್ರದ ಬಗ್ಗೆ ಮಾತಾಡಲು ಆ ಭಯ ಇಲ್ಲ. ಕಥೆಯಿಂದ ಸಿಗುವ ದೊಡ್ಡ ಉಪಕಾರ ಇದೇ. ಹಾಗಾಗಿ ಪಾತ್ರದ ಬಗ್ಗೆಯೇ ಕೇಳಿ, ಪಾತ್ರದಲ್ಲೇ ಇರಿ. ‘ನಿನಗೂ ವ್ಯಾನ್‌ನಲ್ಲಿ ಹೀಗೇ ಆಗುತ್ತಲ್ವಾ?’ ಎಂದು ಬಾಯಿಗೆ ಬರುತ್ತದೆ, ತಡೆದುಕೊಳ್ಳಿ.

ಇನ್ನು ಯಾವ ಕಥೆ? ಎಲ್ಲರೂ ಮೊದಲು ಹೇಳುವುದು ಕೊಳಕು ಬಾತುಕೋಳಿ ಮರಿಯ ಕಥೆ. ಡೆನ್ಮಾರ್ಕಿನ ಆಂಡರ್ಸನ್ 1843ರಲ್ಲಿ ಪ್ರಕಟಿಸಿದ್ದು. ಚೆಂದದ ಕಥೆ, ಅನುಮಾನವಿಲ್ಲ. ಆದರೆ ಅಲ್ಲಿ ಮರಿ ಹಂಸವಾಗಿ ಬೆಳೆದ ಮೇಲೆ ತಾನೇ ಅದಕ್ಕೆ ಮರ್ಯಾದೆ? ‘ಡುಮ್ಮ’ ಅನ್ನಿಸಿಕೊಂಡ ಮಗು ‘ಹಾಗಾದರೆ ನಾನು ಸಣ್ಣ ಆಗಬೇಕಾ?’ ಎಂದು ಕೇಳಿದರೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಪಂಚತಂತ್ರದಲ್ಲಿ ಗುಬ್ಬಿ, ಮರಕುಟಿಗ, ನೊಣ, ಕಪ್ಪೆ ಸೇರಿ ಆನೆಯನ್ನು ಸೋಲಿಸುವ ಕಥೆಯೂ ಬೇಡ. ಇವನನ್ನು ಕರೆಯುವುದೇ ಆನೆ ಮರಿ ಅಂತ!

ಅದೇ ಪಂಚತಂತ್ರದ, ಪಾರಿವಾಳಗಳ ರಾಜ ಚಿತ್ರಗ್ರೀವನ ಕಥೆ ತೆಗೆದುಕೊಳ್ಳಿ. ಕಾಳಿನ ಆಸೆಗೆ ಇಳಿದ ಪಾರಿವಾಳಗಳು ಬಲೆಗೆ ಬೀಳುತ್ತವೆ. ಎಲ್ಲವೂ ಒಟ್ಟಿಗೆ ಬಲೆಯನ್ನೇ ಹೊತ್ತು ಹಾರಿ, ಹಿರಣ್ಯಕ ಎಂಬ ಇಲಿಯ ಬಿಲದ ಬಳಿ ಇಳಿಯುತ್ತವೆ. ರಾಜನಾದವನು ಒಂದು ಇಲಿಯ ಹತ್ತಿರ ಹೋಗಿ ಸಹಾಯ ಕೇಳುತ್ತಾನೆ. ಕೇಳಿದ್ದಕ್ಕೆ ಅವನು ಚಿಕ್ಕವನಾಗುವುದಿಲ್ಲ. ನಿಮ್ಮ ಮಗನಿಗೆ ಈಗ ಬೇಕಾಗಿರುವುದು ಇದು.

ರಾತ್ರಿ ಮಲಗುವಾಗ ಓದಿ. ಬಲೆ ಬೀಳುವ ಕಡೆ ನಿಲ್ಲಿಸಿ, ‘ಚಿತ್ರಗ್ರೀವ ಈಗ ಏನು ಮಾಡ್ತಾನೆ?’ ಅನ್ನಿ. ‘ಯಾರಿಗೂ ಹೇಳಲ್ಲ, ಸುಮ್ನೆ ಇರ್ತಾನೆ’ ಎಂದನೋ, ತಿದ್ದಬೇಡಿ. ‘ಯಾಕಿರಬಹುದು?’ ಎಂದು ಕೇಳಿ ನೀವೂ ಸುಮ್ಮನಿರಿ. ಉತ್ತರ ಬರದಿದ್ದರೆ ಪುಟ ತಿರುಗಿಸಿ. ಇನ್ನೊಂದು ದಿನ ಅದೇ ಕಥೆ ಓದುವಾಗ ‘ನಮ್ಮ ಕಡೆ ಹಿರಣ್ಯಕ ಯಾರು?’ ಎಂದು ಆಟದ ಹಾಗೆ ಹೆಸರು ಹುಡುಕಿ. ಡ್ರೈವರ್ ಅಂಕಲ್, ಕ್ಲಾಸ್ ಮಿಸ್, ಪಕ್ಕದ ಮನೆ ಅಕ್ಕ. ದುಡ್ಡು ಕೊಟ್ಟೇ ಪುಸ್ತಕ ತರಬೇಕೆಂದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ.

ಆದರೆ ಒಂದು ಮಾತು. ಡಬ್ಬಿ ಕಿತ್ತುಕೊಳ್ಳುವವರನ್ನು ಕಥೆ ತಡೆಯುವುದಿಲ್ಲ, ಅದು ದೊಡ್ಡವರ ಕೆಲಸ. ಅವನು ಮಾತಾಡಲಿ ಎಂದು ಕಾಯಬೇಡಿ. ಈ ವಾರವೇ ಕ್ಲಾಸ್ ಟೀಚರನ್ನು ನೋಡಿ. ಯಾವ ದಿನ ಏನಾಯಿತು ಎಂದು ಬರೆದುಕೊಂಡು ಹೋಗಿ, ಪಕ್ಕದ ಮನೆ ಹುಡುಗಿಯ ಹೆಸರು ಎತ್ತಬೇಡಿ. ವ್ಯಾನ್‌ನಲ್ಲಿ ಡ್ರೈವರ್ ಹಿಂದಿನ ಸೀಟು ಕೇಳಿ. ಹೋಗುವ ಮುಂಚೆ ಮಗನಿಗೂ ತಿಳಿಸಿ, ಬೆನ್ನ ಹಿಂದೆ ಮಾಡಿದರೆ ನಂಬಿಕೆ ಹೋಗುತ್ತದೆ. ಹೊಟ್ಟೆನೋವನ್ನು ನೆಪ ಎಂದುಕೊಳ್ಳಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ. ಹೆದರಿಕೆಗೂ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ನಿದ್ದೆ, ಊಟ ಕೆಟ್ಟರೆ ಅಥವಾ ಶಾಲೆಯೇ ಬೇಡ ಎಂದು ಹಟ ಹಿಡಿದರೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಐದು ವರ್ಷದ ಮೊಮ್ಮಗಳು ಪುಣ್ಯಕೋಟಿ ಹಾಡಿನಲ್ಲಿ ಹಸು ಕರುವನ್ನು ಬಿಟ್ಟು ಹೊರಡುವಾಗ ಅಳುತ್ತಾಳೆ. ಮರುದಿನ ಮತ್ತೆ ಅದೇ ಬೇಕು. ನಿಲ್ಲಿಸಲೇ?
– ಒಬ್ಬರು ಅಜ್ಜಿ, ಶಿರಸಿ

ಉತ್ತರ: ಬೇಡ ಅಜ್ಜಿ, ಹಾಡಿ. ಮುಂದೇನಾಗುತ್ತದೆ ಎಂದು ಅವಳಿಗೆ ಗೊತ್ತು, ಕೂತಿರುವುದು ನಿಮ್ಮ ಮಡಿಲಲ್ಲಿ. ದುಃಖವನ್ನು ಅಷ್ಟಷ್ಟೇ ರುಚಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು? ‘ಅಳಬಾರದು’ ಅನ್ನದೆ ‘ಕರುವಿಗೆ ಎಷ್ಟು ಬೇಜಾರಾಯ್ತು ಅಲ್ವಾ’ ಎಂದರೆ ಸಾಕು. ರಾತ್ರಿ ಬೆಚ್ಚಿ ಏಳುತ್ತಿದ್ದರೆ ಮಾತ್ರ ಸ್ವಲ್ಪ ದಿನ ಹಗಲು ಹೊತ್ತು ಹಾಡಿ. ಅಂದಹಾಗೆ, ‘ಹುಲಿ ಯಾಕೆ ಸಾಯಬೇಕಿತ್ತು?’ ಎಂದು ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾಳೆ. ‘ನಿನಗೇನನ್ಸುತ್ತೆ?’ ಅನ್ನಿ. ಬೇರೆ ಮುಕ್ತಾಯ ಬೇಕೆಂದರೆ ಅವಳೇ ಕಟ್ಟಲಿ.