ಪ್ಲೇಸ್ಕೂಲಿಗೆ ಬಿಟ್ಟರೆ ಮೊಮ್ಮಗ ಬೆರೆಯುತ್ತಾನೆಯೇ?

(ಡೊಂಬಿವಲಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ಮೂರೂವರೆ ವರ್ಷದ ಮೊಮ್ಮಗನಿಗೆ ಆಟಿಸಂ, ಅಂದರೆ ಒಡನಾಟ ಮತ್ತು ಸಂವಹನ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ, ಎಂದು ಡಾಕ್ಟರು ಹೇಳಿದ್ದಾರೆ. ‘ಅವನಪ್ಪನೂ ತಡವಾಗಿಯೇ ಮಾತಾಡಿದ್ದು, ನಾಲ್ಕು ಮಕ್ಕಳ ನಡುವೆ ಬಿಟ್ಟರೆ ತಾನಾಗಿ ಬೆರೆಯುತ್ತಾನೆ’ ಎಂಬುದು ಇವರ ನಂಬಿಕೆ. ಸೊಸೆ ಒಪ್ಪುತ್ತಿಲ್ಲ. ಪ್ಲೇಸ್ಕೂಲಿನವರು ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಸಾಕು’ ಎಂದಿದ್ದಾರೆ. ಹುಡುಗ ದಿನವಿಡೀ ಮುಂಬಯಿ ಲೋಕಲ್ ರೈಲಿನ ಸ್ಟೇಷನ್ನುಗಳ ಹೆಸರು ಹೇಳುತ್ತಿರುತ್ತಾನಂತೆ. ಏನು ಮಾಡುವುದು?)

ಅಮ್ಮಾ, ಸುಲಭದ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಕನ್ನಡ ನಿಲ್ಲಿಸಬೇಡಿ. ಎರಡು ಭಾಷೆ ಕೇಳುತ್ತ ಬೆಳೆದ ಆಟಿಸಂ ಮಕ್ಕಳು ಮಾತಿನಲ್ಲಿ ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ ಎಂದು 2012ರಲ್ಲಿ ಕೆನಡಾದ ಅಧ್ಯಯನವೊಂದು ತೋರಿಸಿತು. ಕಟ್ಟಡದಲ್ಲಿ ಮರಾಠಿ, ಲಿಫ್ಟಿನಲ್ಲಿ ಹಿಂದಿ ಕೇಳುವ ನಮ್ಮ ಮಕ್ಕಳಿಗೆ ಕನ್ನಡವೊಂದೇ ಹೊರೆಯಾಗುವುದು ಹೇಗೆ? ನಿಮಗೆ ಸಲೀಸಲ್ಲದ ಇಂಗ್ಲಿಷಿನಲ್ಲಿ ಮೊಮ್ಮಗನನ್ನು ಎಷ್ಟು ಹೊತ್ತು ಮಾತಾಡಿಸುತ್ತೀರಿ? ಮನೆಯಲ್ಲಿ ಮಾತೇ ನಿಂತುಹೋದೀತು.

ಎರಡನೆಯದರಲ್ಲಿ ನಾನು ನಿಮ್ಮ ಸೊಸೆಯ ಕಡೆ. ಮಗ ತಡವಾಗಿ ಮಾತಾಡಿದ್ದನೆಂದು ಮೊಮ್ಮಗನಿಗೂ ಕಾಯುತ್ತ ಕೂರುವಂತಿಲ್ಲ. ಮಾತು ತಡವಾದ ಎಷ್ಟೋ ಮಕ್ಕಳು ಬೆರಳು ಮಾಡಿ ವಿಮಾನ ತೋರಿಸುತ್ತಾರೆ, ‘ನೀನೂ ನೋಡಿದೆಯಾ’ ಎಂಬಂತೆ ನಮ್ಮ ಮುಖ ನೋಡುತ್ತಾರೆ. ಆಟಿಸಂ ಇರುವ ಮಕ್ಕಳಿಗೆ ಆ ಹಂಚಿಕೊಳ್ಳುವಿಕೆ ಸುಲಭಕ್ಕೆ ಬರುವುದಿಲ್ಲ. ಇಪ್ಪತ್ತು ಮಕ್ಕಳ ಗದ್ದಲದಲ್ಲಿ ಬಿಟ್ಟ ಮಾತ್ರಕ್ಕೆ ಅದು ಬಂದೂ ಬಿಡುವುದಿಲ್ಲ. ಕೆಲವರು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾರೆ. ಟೀಚರು ‘ಶಾಂತ ಸ್ವಭಾವದ ಹುಡುಗ’ ಎಂದು ಬರೆದುಬಿಡುತ್ತಾರೆ.

ಹಾಗಾದರೆ ಶಾಲೆಯೇ ಬೇಡವೇ? ಬೇಕು, ಆದರೆ ಉಳಿದ ಮಕ್ಕಳಿಗೂ ಕಲಿಸುವಂಥ ಶಾಲೆ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಫಿಲಿಪ್ ಸ್ಟ್ರೇನ್ ಎಂಬವರು ‘ಲೀಪ್’ ಎಂಬ ಬಾಲವಾಡಿ ಪದ್ಧತಿ ಶುರುಮಾಡಿದರು. ಅಲ್ಲಿ ಜೊತೆಯ ಮಕ್ಕಳಿಗೆ ಪಾಠವಾಗುತ್ತದೆ: ಗೆಳೆಯನ ಗಮನ ಹೇಗೆ ಸೆಳೆಯಬೇಕು, ಆಟಿಕೆ ಹೇಗೆ ಕೊಡಬೇಕು, ಹೇಗೆ ಕೇಳಬೇಕು, ಉತ್ತರ ಬಾರದಿದ್ದರೆ ಮತ್ತೆ ಹೇಗೆ ಪ್ರಯತ್ನಿಸಬೇಕು. 2011ರ ಅಧ್ಯಯನದಲ್ಲಿ ಟೀಚರುಗಳ ಜೊತೆ ಎರಡು ವರ್ಷ ನಿಂತು ಕಲಿಸಿದ ತರಗತಿಗಳನ್ನೂ ಬರೀ ಕೈಪಿಡಿ ಕೊಟ್ಟು ಬಿಟ್ಟ ತರಗತಿಗಳನ್ನೂ ಹೋಲಿಸಿದರು. ಮೊದಲಿನ ತರಗತಿಗಳ ಮಕ್ಕಳು ಮಾತಿನಲ್ಲೂ ಒಡನಾಟದಲ್ಲೂ ಹೆಚ್ಚು ಮುಂದುವರಿದಿದ್ದರು. ಹಾಗೆಂದು ಪದ್ಧತಿಯ ಹೆಸರಿಗೆ ಮರುಳಾಗಬೇಡಿ. 2014ರಲ್ಲಿ ಲೀಪ್, ಇನ್ನೊಂದು ಹೆಸರಾಂತ ಪದ್ಧತಿ ಮತ್ತು ಯಾವ ಹೆಸರೂ ಇಲ್ಲದ ಒಳ್ಳೆಯ ವಿಶೇಷ ತರಗತಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲ ಕಡೆಯ ಮಕ್ಕಳೂ ಸುಧಾರಿಸಿದ್ದರು, ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮುಂಬಯಿಯ ಬೋರ್ಡುಗಳಲ್ಲಿ ವಿದೇಶಿ ಹೆಸರು ನೋಡಿ ಫೀಸು ಕಟ್ಟುವವರಿಗಾಗಿ ಇದನ್ನು ಹೇಳಿದೆ.

ಇನ್ನು ಸ್ಟೇಷನ್ನುಗಳು. ಸೊಸೆ ಅದನ್ನು ಬಿಡಿಸಲು ನೋಡುತ್ತಿದ್ದಾರೆ ಎಂದಿದ್ದೀರಿ. ಇಲ್ಲಿ ಮಾತ್ರ ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಪಕ್ಕದ ಗೋವಾದಲ್ಲಿ ‘ಸಂಗಾತ್’ ಸಂಸ್ಥೆ, ಪಾಕಿಸ್ತಾನದ ರಾವಲ್ಪಿಂಡಿಯವರ ಜೊತೆಗೂಡಿ ಒಂದು ಪ್ರಯೋಗ ಮಾಡಿತು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ತಂದೆತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೋ ಮಾಡಿ, ಜೊತೆಗೆ ಕೂತು ನೋಡಿ, ಎಲ್ಲಿ ಮಗುವಿನ ಗಮನವಿದೆಯೋ ಅಲ್ಲಿಗೇ ಹೋಗುವುದನ್ನು ಕಲಿಸಿದರು. ಮಕ್ಕಳು ತಾವಾಗಿ ಸಂವಹನ ಶುರುಮಾಡುವುದು ಹೆಚ್ಚಿತು. ಎಲ್ಲ ಅಳತೆಯಲ್ಲೂ ಗೆಲುವು ಸಿಗಲಿಲ್ಲ, ಆದರೂ ಇದು ನಿಮ್ಮ ಕೈಯಲ್ಲಿರುವ ಕೆಲಸ. ಮೊಮ್ಮಗನ ಎದುರು ನೆಲದ ಮೇಲೆ ಕೂತು ಒಂದು ಸ್ಟೇಷನ್ನಿನ ಹೆಸರು, ‘ಕೋಪರ್’ ಎನ್ನಿ, ಸುಮ್ಮನಿರಿ. ಅವನು ‘ದಿವಾ’ ಎಂದಾನು. ‘ಮುಂಬ್ರಾ’ ನಿಮ್ಮ ಸರದಿ. ಒಮ್ಮೆ ಬೇಕೆಂದೇ ತಪ್ಪು ಹೇಳಿ, ನಿಮ್ಮ ಮುಖ ನೋಡುತ್ತಾನೋ ಗಮನಿಸಿ. ‘ನನ್ನ ಕಣ್ಣು ನೋಡು’ ಎಂದು ಗದ್ದ ಹಿಡಿದು ತಿರುಗಿಸುವುದು ಬೇಡ.

ಪ್ಲೇಸ್ಕೂಲು ಆರಿಸುವಾಗ ಆಫೀಸಿನಲ್ಲಿ ಕೂತು ಮಾತಾಡಿ ಬರಬೇಡಿ. ಆಟದ ಹೊತ್ತಿಗೆ ಹೋಗಿ. ಟೀಚರು ಯಾರ ಪಕ್ಕ ಯಾರನ್ನು ಕೂರಿಸುತ್ತಾರೆ, ಗದ್ದಲವಾದಾಗ ಕೂರಲು ಮೂಲೆಯಿದೆಯೇ, ಶ್ಯಾಡೋ ಟೀಚರ್ (ಒಂದೇ ಮಗುವಿನ ನೆರವಿಗೆ ಜೊತೆಗಿರುವ ಟೀಚರ್) ಇದ್ದರೆ ಮಗುವಿಗೂ ಗೆಳೆಯರಿಗೂ ನಡುವೆ ಗೋಡೆಯಾಗಿ ನಿಲ್ಲುತ್ತಾರೋ ಪಕ್ಕಕ್ಕೆ ಸರಿಯುತ್ತಾರೋ ನೋಡಿ. ಅವನು ಇಡೀ ತರಗತಿಯೊಡನೆ ಬೆರೆಯಲೇಬೇಕೆಂಬ ಹಟ ಬೇಡ. ಒಬ್ಬ ಗೆಳೆಯ ಸಿಕ್ಕರೆ ವರ್ಷಕ್ಕೆ ಅದೇ ದೊಡ್ಡದು.

ಥೆರಪಿ ಮುಗಿದ ಮೇಲೆ ಶಾಲೆ ಎಂಬ ಸರತಿಯೂ ಬೇಕಿಲ್ಲ, ಎರಡೂ ಜೊತೆಗೇ ನಡೆಯಲಿ. ಮುಂಬಯಿಯಲ್ಲಿ 2001ರಿಂದ ‘ಉಮೀದ್’ ಎಂಬ ಮಕ್ಕಳ ಬೆಳವಣಿಗೆಯ ಕೇಂದ್ರವಿದೆ, ವಿಚಾರಿಸಬಹುದು. ಖರ್ಚಿನ ಬಗ್ಗೆ ಮಗ ಚಿಂತಿಸುತ್ತಿದ್ದಾನೆ ಎಂದಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿಕೊಂಡರೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಗೂ ಪಾಲಿದೆ. ಶಾಲೆಯ ಫಾರಂ ತುಂಬುವ ಮೊದಲೇ ಆ ಕೆಲಸ ಶುರುಮಾಡಲು ಮಗನಿಗೆ ಹೇಳಿ.