ಭೂತಾನಿನ ಭಾನುವಾರ ಆಮೆನ್ ಹೇಳದವರು

ಓದುಗರ ಪ್ರಶ್ನೆ, ನಿವೃತ್ತ ಟೀಚರ್ ಉತ್ತರ

ಈ ಸಲದ ಅಂಚೆಯಲ್ಲಿ ಪ್ರಾರ್ಥನೆಯ ಪ್ರಶ್ನೆಗಳೇ ಜಾಸ್ತಿ. ಶಿವಮೊಗ್ಗದ ನಮ್ಮ ಮಹಿಳಾ ಕೂಟದವರು ಬೇರೆ ಬೇರೆ ದೇಶಗಳಿಗಾಗಿ ಪ್ರಾರ್ಥಿಸುತ್ತೇವೆ ಅಂತ ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ, ಅದರ ಫಲ. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ. ಅದನ್ನು ತೋಟ ನೋಡಿಕೊಳ್ಳುವ ತಮ್ಮನನ್ನು ಕೇಳದೆ ಬರೆದರೆ ಅವನು ಮನೆಗೆ ಸೇರಿಸುವುದಿಲ್ಲ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಕ್ರೈಸ್ತರು, ಒಳ್ಳೆಯ ಜನ. ಅವರ ಚರ್ಚಿನಲ್ಲಿ ಉಕ್ರೇನ್, ಸುಡಾನ್ ಅಂತ ಯಾವ್ಯಾವುದೋ ದೇಶಕ್ಕೆ, ಅಲ್ಲಿಯ ಅಧ್ಯಕ್ಷರಿಗೆಲ್ಲ ಪ್ರಾರ್ಥನೆ ಮಾಡುತ್ತಾರಂತೆ. ನಮ್ಮೂರ ರಸ್ತೆಗೇ ದಿಕ್ಕಿಲ್ಲ, ಅವರ ಉಸಾಬರಿ ಯಾಕೆ? ತಪ್ಪು ತಿಳಿಯಬೇಡಿ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತಪ್ಪೇನು ತಿಳಿಯುವುದು ಮಾರಾಯ್ರೇ. ಎಂಟು ವರ್ಷದವಳಿದ್ದಾಗ ಇದೇ ಪ್ರಶ್ನೆ ಕೇಳಿ ಅಜ್ಜಿಯ ಕೈಯಲ್ಲಿ ಮೊಟಕಿಸಿಕೊಂಡವಳು ನಾನು.

ಮೊದಲು ರಸ್ತೆಯ ವಿಷಯ. ನಮ್ಮ ಆರಾಧನೆಯಲ್ಲಿ ಸರದಿ ಮನೆಯಿಂದಲೇ ಶುರುವಾಗುತ್ತದೆ. ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿ, ಜಿಲ್ಲಾಧಿಕಾರಿ, ಆಮೇಲೆ ಕಾಯಿಲೆ ಬಿದ್ದವರು, ಪರೀಕ್ಷೆ ಬರೆಯುವವರು. ಒಂದು ಮಳೆಗಾಲ, ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ, ಒಬ್ಬ ಹಿರಿಯರು ಎದ್ದು ನಿಂತು ಸುರಿಯುವ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೂ ಪ್ರಾರ್ಥಿಸಿದರು. ಹೊರದೇಶದ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ, ಅಷ್ಟೊತ್ತಿಗೆ ಅರ್ಧ ಜನ ಗಡಿಯಾರ ನೋಡುತ್ತಿರುತ್ತಾರೆ.

ನನ್ನ ಅಜ್ಜ ಬ್ರಿಟಿಷ್ ಪಾದ್ರಿಗಳ ವೆಸ್ಲಿಯನ್ ಮಿಷನ್ನಿನ ಕಾಲದಲ್ಲಿ ಉಪದೇಶಿ, ಅಂದರೆ ಧರ್ಮಬೋಧಕ, ಆಗಿದ್ದವರು. ಅವರ ಪ್ರಾರ್ಥನಾ ಪುಸ್ತಕ ನನ್ನ ಹತ್ತಿರ ಇದೆ. ಮೂಲೆ ಇಲಿ ತಿಂದಿದೆ, ಎಷ್ಟು ಬಿಸಿಲಿಗಿಟ್ಟರೂ ಬೂಷ್ಟಿನ ವಾಸನೆ ಹೋಗಿಲ್ಲ. ಅದರಲ್ಲಿ ಅರಸನಿಗಾಗಿ ಮಾಡುವ ಪ್ರಾರ್ಥನೆಯ ಪುಟ ನೋಡಬೇಕು ನೀವು. ಅಚ್ಚಿನಲ್ಲಿರುವುದು ಬ್ರಿಟಿಷ್ ದೊರೆ ಐದನೆಯ ಜಾರ್ಜ್. ಅದಕ್ಕೆ ಶಾಯಿಯ ಗೀಟು, ಮೇಲೆ ಎಂಟನೆಯ ಎಡ್ವರ್ಡ್. ಅದಕ್ಕೂ ಗೀಟು, ಪಕ್ಕದಲ್ಲಿ ಆರನೆಯ ಜಾರ್ಜ್. ಇವೆರಡು ತಿದ್ದುಪಡಿಯೂ 1936ರವು. ಒಂದೇ ವರ್ಷದಲ್ಲಿ ಒಬ್ಬ ದೊರೆ ಸತ್ತ, ಇನ್ನೊಬ್ಬ ಸಿಂಹಾಸನ ಬಿಟ್ಟ, ಮೂರನೆಯವನು ಬಂದ. ಕೊನೆಗೆ ಸೀಸದಕಡ್ಡಿಯಲ್ಲಿ, ಅಜ್ಜನ ನಡುಗುವ ಅಕ್ಷರದಲ್ಲಿ, ‘ರಾಷ್ಟ್ರಪತಿ’. ಹೆಸರು ಬರೆದಿಲ್ಲ. ಪದೇ ಪದೇ ಹೊಡೆದುಹಾಕಿ ಸಾಕಾಗಿತ್ತೋ ಏನೋ. ‘ಪ್ರಾರ್ಥನೆ ಕುರ್ಚಿಗೆ ಕಣೇ, ಕೂತವನಿಗಲ್ಲ’ ಎನ್ನುವುದು ಮೊಟಕಿದ ಮೇಲೆ ಅಜ್ಜಿ ಕೊಟ್ಟ ವಿವರಣೆ. ನಾನದನ್ನು ಪೂರ್ತಿ ಒಪ್ಪಲಾರೆ. ಕೂತವನಿಗೇ ಹೆಚ್ಚು ಬೇಕು.

ಇದು ನಾವು ಹುಟ್ಟಿಸಿಕೊಂಡಿದ್ದಲ್ಲ. ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲನ ಹೆಸರಿನಲ್ಲಿ ಶಿಷ್ಯ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ ಹೇಳುತ್ತದೆ. ಸಂಪ್ರದಾಯದ ಪ್ರಕಾರ ಆಗ ರೋಮ್‌ನಲ್ಲಿ ಕೂತಿದ್ದವನು ನೀರೋ, ಕ್ರೈಸ್ತರನ್ನು ಹಿಂಸಿಸಿದವನು. ಅದಕ್ಕೂ ಎಷ್ಟೋ ಹಿಂದೆ, ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ, ನಿಮ್ಮನ್ನು ಹಿಡಿದಿಟ್ಟ ಆ ಪಟ್ಟಣದ ಕ್ಷೇಮಕ್ಕೇ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಅಂತ ಕಾಗದ ಬರೆದ. ಅಂದರೆ ಪರರಾಜನಿಗೆ ಪ್ರಾರ್ಥಿಸುವುದು ಅವನಿಗೆ ಜೈ ಅನ್ನುವುದಲ್ಲ. ಇದನ್ನು ನಮ್ಮವರೇ ಎಷ್ಟೋ ಜನ ಗಲಿಬಿಲಿ ಮಾಡಿಕೊಂಡಿದ್ದಾರೆ.

ಇನ್ನು ಉಕ್ರೇನ್. ಪ್ರತಿ ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. 1927ರಿಂದ ಜಗತ್ತಿನಾದ್ಯಂತ ನಡೆಯುತ್ತಿದೆ. ಒಂದೊಂದು ವರ್ಷ ಒಂದೊಂದು ದೇಶದ ಹೆಂಗಸರು ಪ್ರಾರ್ಥನೆ ಬರೆಯುತ್ತಾರೆ, ಉಳಿದ ದೇಶದ ಹೆಂಗಸರು ಅದೇ ದಿನ ಅದನ್ನೇ ಓದುತ್ತಾರೆ. 2021ರಲ್ಲಿ ವನುವಾಟು. ಅದು ದೇಶವೋ ತಿಂಡಿಯೋ ಅಂತ ನಮ್ಮಲ್ಲೊಬ್ಬರು ಕೇಳಿದರು. ಗ್ಲೋಬ್ ತರಿಸಿದೆ, ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ. ಶಾಂತಸಾಗರದ ಮಧ್ಯೆ 80ಕ್ಕೂ ಹೆಚ್ಚು ದ್ವೀಪ, 2015ರ ಪ್ಯಾಮ್ ಚಂಡಮಾರುತಕ್ಕೆ ನಲುಗಿದ ನಾಡು. ಆ ಪ್ರಾರ್ಥನೆಗೆಂದು ಬಿಡಿಸಿದ ಚಿತ್ರದಲ್ಲಿ ಒಬ್ಬ ತಾಯಿ ಬಿರುಗಾಳಿಗೆ ಬೆನ್ನು ಕೊಟ್ಟು ಮಗುವಿನ ಮೇಲೆ ಬಗ್ಗಿದ್ದಾಳೆ, ತೆಂಗಿನಂಥ ಮರವೂ ಬಗ್ಗಿದೆ. 52 ಜನರ ಅವರ ಸಂಸತ್ತಿನಲ್ಲಿ ಆಗ ಒಬ್ಬ ಹೆಂಗಸೂ ಇರಲಿಲ್ಲ. ಅದು ಗೊತ್ತಾದ ಮೇಲೆ ನಮ್ಮವರ ಪ್ರಾರ್ಥನೆಯ ಸ್ವರವೇ ಬೇರೆಯಾಯಿತು.

ಮರುವರ್ಷ, 2022ರ ಮಾರ್ಚ್ 4. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನವರು ಬರೆದ ಪುಸ್ತಿಕೆ ಕೈಯಲ್ಲಿತ್ತು. ಅದಕ್ಕೆ ಮೂರು ದಿನ ಮುಂಚೆ ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ತೀರಿಹೋಗಿದ್ದ. ಪುಸ್ತಿಕೆಯ ಎರಡನೇ ಪುಟ ದಾಟಲಾಗಲಿಲ್ಲ. ಯಾರೋ ‘ಆ ಹುಡುಗನ ತಾಯಿ’ ಅಂದರು, ಅಷ್ಟೇ, ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡರು. ಯಾವ್ಯಾವುದೋ ದೇಶ ಅಂದಿರಲ್ಲ, ನಾವೂ ಹಾಗೇ ಅಂದುಕೊಂಡಿದ್ದೆವು.

ಪ್ರಶ್ನೆ: ನಾವು ಹೋಗುವ ಹೊಸ ಪ್ರಾರ್ಥನಾ ಮಂದಿರದ ವೇದಿಕೆಯಲ್ಲಿ ಇಸ್ರೇಲ್ ಧ್ವಜ ನಿಲ್ಲಿಸಿದ್ದಾರೆ. ಅಪ್ಪ ತೆಗೆಸಿ ಅಂತಾರೆ, ಅಣ್ಣ ಬೈಬಲಿನ ಕೀರ್ತನೆಯ ವಚನ ತೋರಿಸುತ್ತಾನೆ. ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಜಗಳ.
– ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಅಣ್ಣ ತೋರಿಸುವುದು 122ನೇ ಕೀರ್ತನೆ ಇರಬೇಕು, ಯೆರೂಸಲೇಮಿನ ಸಮಾಧಾನಕ್ಕೆ ಪ್ರಾರ್ಥಿಸಿ ಅನ್ನುವುದು. ವಚನ ಸರಿ. ಅದರಲ್ಲಿ ಧ್ವಜ ಎಲ್ಲಿದೆ ಅಂತ ಕೇಳು. ಕೀರ್ತನೆಕಾರನ ಯೆರೂಸಲೇಮಿಗೂ 1948ರಲ್ಲಿ ಹುಟ್ಟಿದ ಸರ್ಕಾರಕ್ಕೂ ನಡುವೆ ಎರಡು ಸಾವಿರಕ್ಕೂ ಹೆಚ್ಚು ವರ್ಷ ಇದೆಯಮ್ಮ.

ನಾನು ಈ ವಿಷಯದಲ್ಲಿ ಅಪ್ಪನ ಪಕ್ಷ. ಕಾರಣ ಹೇಳುತ್ತೇನೆ. ನಮ್ಮ ಬೀದಿಯ ಕೊಂಕಣಿ ಕ್ಯಾಥೋಲಿಕ್ ಮನೆಯ ಮಗಳು ಇಸ್ರೇಲಿನ ಹೈಫಾದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಕರಾವಳಿ ಕಡೆಯಿಂದ ಈ ಕೆಲಸಕ್ಕೆ ಹೋದವರು ತುಂಬ ಜನ. ದಾಳಿಯ ಸೈರನ್ ಆದರೆ ಆ ಮುದುಕಿಯನ್ನು ತಬ್ಬಿ ಹಿಡಿದು ಮೆಟ್ಟಿಲಿಳಿದು ಕೆಳಗಿನ ಕೋಣೆ ಸೇರಬೇಕು. ಒಮ್ಮೆ ವಿಡಿಯೋ ಕಾಲ್ ಮಾಡಿದಾಗ ಮುದುಕಿ ಇವಳ ಶಾಲು ಹೊದ್ದು ಕೂತಿತ್ತು, ಕೈಯಲ್ಲಿ ಇವಳ ಅಮ್ಮ ಕಳಿಸಿದ ಚಕ್ಕುಲಿ. ‘ಮಗಳಿಗೆ ಮಾತ್ರ ಅಲ್ಲ ಟೀಚರ್, ಆ ಅಜ್ಜಿಗೂ ಪ್ರಾರ್ಥನೆ ಮಾಡಿ’ ಅನ್ನುತ್ತಾರೆ ಆ ತಾಯಿ.

2024ರ ವಿಶ್ವ ಪ್ರಾರ್ಥನಾ ದಿನದ ಪಾಠ ಬರೆದವರು ಪ್ಯಾಲೆಸ್ತೀನಿನ ಕ್ರೈಸ್ತ ಹೆಂಗಸರು. ಅಲ್ಲೂ ಕ್ರೈಸ್ತರಿದ್ದಾರಾ ಅಂತ ನಮ್ಮಲ್ಲೇ ಕೇಳಿದವರಿದ್ದರು. ಯೇಸು ಹುಟ್ಟಿದ ಬೆತ್ಲೆಹೇಮ್ ಎಲ್ಲಿದೆ ಅಂದುಕೊಂಡಿದ್ದರೋ! ಗಾಜಾದಲ್ಲಿ ಸಂತ ಪೋರ್ಫಿರಿಯಸ್ ಅನ್ನುವ ಪುರಾತನ ಆರ್ಥೊಡಾಕ್ಸ್ ಚರ್ಚ್ ಇದೆ. 2023ರ ಅಕ್ಟೋಬರ್ 19ರಂದು ಬಿದ್ದ ಬಾಂಬಿಗೆ ಅದರ ಆವರಣದಲ್ಲಿ ಆಶ್ರಯ ಪಡೆದವರೇ ಸತ್ತರು. ಅಲ್ಲೇ ಇರುವ ಕ್ಯಾಥೋಲಿಕ್ ಚರ್ಚಿಗೆ ಪೋಪ್ ಫ್ರಾನ್ಸಿಸ್ ಸಂಜೆ ಹೊತ್ತು ಫೋನ್ ಮಾಡಿ, ಊಟ ಏನು ಮಾಡಿದಿರಿ ಅಂತ ವಿಚಾರಿಸುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಎರಡು ದಿನ ಮುಂಚೆಯೂ ಮಾಡಿದ್ದರು.

2024ರ ಆ ಪ್ರಾರ್ಥನಾ ದಿನ, ಮಾರ್ಚ್ 1ರಂದು, ಪ್ಯಾಲೆಸ್ತೀನಿನ ಹೆಂಗಸಿನ ಭಾಗ ಓದಲು ಯಾರೂ ಮುಂದೆ ಬರಲಿಲ್ಲ. ಹೈಫಾದಲ್ಲಿ ಮಗಳನ್ನು ಬಿಟ್ಟ ಆ ತಾಯಿಯೇ ಎದ್ದು ಕನ್ನಡಕ ಹಾಕಿಕೊಂಡರು. ವೇದಿಕೆ ಮೇಲೆ ಒಂದು ಧ್ವಜ ನಿಂತಿದ್ದರೆ ಅವರು ಏಳುತ್ತಿದ್ದರೋ ಇಲ್ಲವೋ, ನೀನೇ ಯೋಚನೆ ಮಾಡು.

ಅಣ್ಣ ಇನ್ನೂ ವಾದಿಸಿದರೆ 1933ರ ಜರ್ಮನಿಯ ಫೋಟೋಗಳನ್ನು ತೋರಿಸು. ಚರ್ಚಿನೊಳಗೆ ಸ್ವಸ್ತಿಕದ ಬಾವುಟ, ಅದರ ಕೆಳಗೆ ಪಾದ್ರಿಗಳು. ಇಸ್ರೇಲಿಗೂ ಅದಕ್ಕೂ ಹೋಲಿಕೆ ಮಾಡುತ್ತಿಲ್ಲ. ಪೀಠದ ಪಕ್ಕ ಯಾವ ಸರ್ಕಾರದ ಬಟ್ಟೆಯೂ ಬೇಡ ಅನ್ನುತ್ತಿದ್ದೇನೆ. ಆದರೆ ಅಪ್ಪನಿಗೂ ಒಂದು ಮಾತು: ಊಟದ ಹೊತ್ತಿಗೆ ಬೇಡ.

ಪ್ರಶ್ನೆ: ಕೆಟ್ಟ ಆಡಳಿತಗಾರನಿಗೂ ದೀರ್ಘಾಯುಸ್ಸು ಬೇಡಬೇಕೆ?
– ನಿವೃತ್ತ ಕಾರ್ಮಿಕ, ಭದ್ರಾವತಿ

ಉತ್ತರ: ಚಿಕ್ಕ ಪ್ರಶ್ನೆ ಕೇಳಿ ದೊಡ್ಡ ಕೆಲಸ ಹಚ್ಚಿದ್ದೀರಿ.

ರೋಮ್ ಚಕ್ರವರ್ತಿಗಳ ಕಾಲದ ಕ್ರೈಸ್ತ ಲೇಖಕ, ಕಾರ್ತೇಜಿನ ತೆರ್ತುಲ್ಯನ್ ಸುಮಾರು 197ರಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: ಚಕ್ರವರ್ತಿಗಾಗಿ ದೇವರನ್ನು ಬೇಡುತ್ತೇವೆ, ಚಕ್ರವರ್ತಿಯನ್ನೇ ದೇವರು ಅನ್ನುವುದಿಲ್ಲ. ಆಯುಸ್ಸು ಬೇಡಿದರು, ಅಡ್ಡಬೀಳಲಿಲ್ಲ. ವರ್ಣಭೇದದ ಆಳ್ವಿಕೆಯಿದ್ದಾಗ ದಕ್ಷಿಣ ಆಫ್ರಿಕದಲ್ಲಿ ಇನ್ನೊಂದು ದಾರಿ ಹಿಡಿದರು. ಸೊವೆಟೊದಲ್ಲಿ ಶಾಲಾಮಕ್ಕಳ ಮೇಲೆ ಗುಂಡು ಹಾರಿದ್ದು 1976ರ ಜೂನ್ 16. ಒಂಬತ್ತು ವರ್ಷದ ನಂತರ ಅದೇ ದಿನ, ಅನ್ಯಾಯದ ಆಳ್ವಿಕೆ ಕೊನೆಯಾಗಲಿ ಎಂದು ಪ್ರಾರ್ಥಿಸಲು ಅಲ್ಲಿಯ ಚರ್ಚುಗಳ ಒಕ್ಕೂಟ ಕರೆ ಕೊಟ್ಟಿತು. ಅದಕ್ಕೆ ಚರ್ಚುಗಳೊಳಗೇ ದೊಡ್ಡ ಜಗಳವಾಯಿತು. ನನಗೇನೋ ಅದು ಸರಿಯಾದ ಪ್ರಾರ್ಥನೆ ಅಂತಲೇ ತೋರುತ್ತದೆ. ತಪ್ಪಾದದ್ದು ಮಾಸ್ಕೋದಲ್ಲಿ. ಉಕ್ರೇನ್ ಯುದ್ಧದಲ್ಲಿ ಸತ್ತ ಸೈನಿಕನ ಪಾಪವೆಲ್ಲ ತೊಳೆದುಹೋಗುತ್ತದೆ ಎಂಬ ಅರ್ಥದ ಪ್ರವಚನವನ್ನು 2022ರಲ್ಲಿ ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಕಿರಿಲ್ ಮಾಡಿದರು. ಪ್ರಾರ್ಥನೆ ದೊರೆಯ ಕೈಗೆ ಕತ್ತಿ ಮಸೆದುಕೊಡಬಾರದು.

ನಾನು ಮರೆಯಲಾರದ್ದು ಇನ್ನೊಂದು. 2019ರ ಏಪ್ರಿಲ್ 11, ವ್ಯಾಟಿಕನ್. ದಕ್ಷಿಣ ಸುಡಾನಿನಲ್ಲಿ ಪರಸ್ಪರ ಜನರನ್ನು ಕೊಲ್ಲಿಸಿದ ನಾಯಕರು, ಸಾಲ್ವಾ ಕೀರ್ ಮತ್ತು ರೀಕ್ ಮಚಾರ್, ಪ್ರಾರ್ಥನಾ ಕೂಟಕ್ಕೆ ಬಂದಿದ್ದರು. 82 ವರ್ಷದ ಪೋಪ್ ನೆಲಕ್ಕೆ ಬಗ್ಗಿ ಅವರ ಬೂಟುಗಳಿಗೆ ಮುತ್ತಿಟ್ಟು, ಯುದ್ಧ ಬೇಡ ಅಂತ ಬೇಡಿದರು. ವಿಡಿಯೋದಲ್ಲಿ ನೋಡಿ, ಏಳಲು ಇಬ್ಬರು ಹಿಡಿದೆತ್ತಬೇಕಾಯಿತು. ಮಂಡಿನೋವಿರುವ ನನ್ನಂಥವರಿಗೆ ಆ ಎರಡು ಗಳಿಗೆ ನೋಡುವುದೇ ಕಷ್ಟ. ಮರುವರ್ಷ ಇಬ್ಬರೂ ಸೇರಿ ಸರ್ಕಾರ ಮಾಡಿದರು. ಆದರೂ ಅಲ್ಲಿ ಶಾಂತಿ ನೆಲೆಸಿತು ಅಂತ ನಾನು ಸುಳ್ಳು ಹೇಳಲಾರೆ. ಗುಂಡಿನ ಸದ್ದು ಆಮೇಲೂ ಕೇಳಿದೆ.

ದೀರ್ಘಾಯುಸ್ಸು ಬೇಡಿ. ತಿದ್ದಿಕೊಳ್ಳಲಿಕ್ಕೂ ಅವನಿಗೆ ಸಮಯ ಬೇಕಲ್ಲ.

ಪ್ರಶ್ನೆ: ಆಫ್ರಿಕದ ಒಂದು ಕ್ರೈಸ್ತ ಸಭೆಗೆ ನೆರವು ಕಳಿಸಬೇಕೆಂದು ನಮ್ಮ ಯುವಕ ಸಂಘದ ಆಸೆ. ಹೇಗೆ?
– ಕಾರ್ಯದರ್ಶಿ, ಹೊಸನಗರ ತಾಲ್ಲೂಕು

ಉತ್ತರ: ಆಸೆ ಒಳ್ಳೆಯದು. ಬೈಬಲ್ ಕಾಲದಲ್ಲಿ ಗ್ರೀಸ್ ಕಡೆಯ ಮಕೆದೋನ್ಯದ ಬಡ ಸಭೆಗಳು ಯೆರೂಸಲೇಮಿನ ಬಡವರಿಗೆ ದುಡ್ಡು ಕೂಡಿಸಿ ಕಳಿಸಿದ ಕಾಲದಿಂದ ಇದು ನಡೆದುಬಂದಿದೆ. ಕ್ಯಾಥೋಲಿಕರ ಶುಭ ಶುಕ್ರವಾರದ ಕಾಣಿಕೆ ಇವತ್ತಿಗೂ ಯೆರೂಸಲೇಮಿನ ಸುತ್ತಲಿನ ಪವಿತ್ರ ನಾಡಿಗೆ ಹೋಗುತ್ತದೆ. ಆದರೆ ವಾಟ್ಸಾಪಿನಲ್ಲಿ ಬಂದ ‘ಪಾಸ್ಟರ್’ ಆಗಿದ್ದರೆ ಅಲ್ಲೇ ನಿಲ್ಲಿ. ನಮ್ಮ ಕೂಟ ಒಮ್ಮೆ ಅನಾಥಾಲಯದ ಫೋಟೋ ನೋಡಿ 12,000 ರೂಪಾಯಿ ಕಳೆದುಕೊಂಡಿದೆ. ಕಳಿಸಿದವಳು ನಾನೇ. ಆಮೇಲೆ ಅದೇ ಫೋಟೋ ಇನ್ನೊಂದು ದೇಶದ ಹೆಸರಲ್ಲಿ ಬಂತು. ಪೌಲನೂ ದುಡ್ಡನ್ನು ನೀವೇ ಆರಿಸಿದವರ ಕೈಯಲ್ಲಿ, ಪತ್ರ ಕೊಟ್ಟು ಕಳಿಸುತ್ತೇನೆ ಅಂದಿದ್ದ. ಎರಡು ಸಾವಿರ ವರ್ಷ ಹಿಂದೆ ಅವನಿಗಿದ್ದ ಜಾಗ್ರತೆ ನನಗಿರಲಿಲ್ಲ. ನಿಮ್ಮ ಡಯಾಸಿಸ್ (ಬಿಷಪ್ಪರ ಆಡಳಿತ) ಮೂಲಕ, ಬ್ಯಾಂಕಿನಲ್ಲಿ, ಲೆಕ್ಕ ಇಟ್ಟು ಮಾಡಿ. ಹೊರಗಿನಿಂದ ದುಡ್ಡು ತರಿಸಿಕೊಳ್ಳುವ ವಿಚಾರವೇ ಬೇರೆ. ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಖಾತೆಗೇ ಬರಬೇಕು. ಆ ತಲೆನೋವು ನಿಮಗಿನ್ನೂ ಬಂದಿಲ್ಲ, ಬಿಡಿ.

ಪ್ರಶ್ನೆ: ಪ್ರಾರ್ಥಿಸಲು ಮನಸ್ಸೇ ಬಾರದ ದೇಶದ ಸರದಿ ಬಂದರೆ?
– ಹೆಸರು ಬೇಡ ಎಂದವರು, ಕೊಪ್ಪ

ಉತ್ತರ: ನೀವು ಪಾಕಿಸ್ತಾನ ಅನ್ನುತ್ತೀರಿ ಅಂತ ಗೊತ್ತು. ನಮ್ಮಲ್ಲಿ ತಕರಾರು ಎದ್ದಿದ್ದು ಭೂತಾನಿಗೆ!

2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ, ಅಂದರೆ ಎಷ್ಟು ಅಗ್ಗಕ್ಕಾದರೂ, ತರಿಸಲು ಒಪ್ಪಿತು. ಮಲೆನಾಡೇ ಕುದಿಯುತ್ತಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಅಕ್ಟೋಬರಿನ ಒಂದು ಭಾನುವಾರ, ಪಟ್ಟಿಯ ಪ್ರಕಾರ, ಭೂತಾನಿನ ದೊರೆಗೂ ಜನರಿಗೂ ಅಂತ ಪ್ರಾರ್ಥನೆ ಶುರುಮಾಡಿದೆ. ಉಳಿದವರೆಲ್ಲ ಆಮೆನ್ ಅಂದರು. ಮೂರನೇ ಬೆಂಚಿನಲ್ಲಿ ಕೂತ, ನಾಲ್ಕೆಕರೆ ತೋಟದ ಹಿರಿಯರೊಬ್ಬರು ಬಾಯಿ ಬಿಡಲಿಲ್ಲ. ಕಣ್ಣೂ ಮುಚ್ಚಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಆರಾಧನೆ ಮುಗಿದ ಮೇಲೆ ಚಹಾದ ಹೊತ್ತಿಗೆ ಹತ್ತಿರ ಬಂದರು. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವರು ಜೇಬಿನಿಂದ ಕವಳದ ಸಂಚಿ ತೆಗೆದು, ಅಡಿಕೆ ಹೋಳು ಕೈಯಲ್ಲಿ ಹಿಡಿದು, ಅಲ್ಲಿಯವರೂ ಇದನ್ನು ಜಗಿಯುತ್ತಾರಾ ಅಂತ ಕೇಳಿದರು. ಜಗಿಯುತ್ತಾರೆ, ದೋಮಾ ಅನ್ನುತ್ತಾರೆ, ದಕ್ಷಿಣದ ಸಮ್ತ್ಸೆ ಕಡೆ ತೋಟಗಳಿವೆ ಅಂದೆ.

‘ಆ ತೋಟದವನಿಗೆ ಕೆ.ಜಿ.ಗೆ ಎಷ್ಟು ಕೊಡ್ತಾರಂತೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಅದನ್ನೂ ತಿಳ್ಕೊಂಡು ಮಾಡಿ ಟೀಚರ್’ ಅಂದು ಹೋಳು ಬಾಯಿಗೆ ಹಾಕಿಕೊಂಡು ಛತ್ರಿ ಹುಡುಕಲು ಹೋದರು.