ಮೂವತ್ತು ದಾಟಿದ ಮೇಲೆ ಸಮರ ಕಲೆ ಕಲಿಯಲು ಹೊರಟರೆ ಯಾವುದನ್ನು ಆರಿಸಿಕೊಳ್ಳಬೇಕು?

ನಿಮಗೆ 31 ವರ್ಷ, ದಿನವಿಡೀ ಕುಳಿತು ಮಾಡುವ ಕೆಲಸ, ಈವರೆಗೆ ಯಾವ ಆಟದ ಅಭ್ಯಾಸವೂ ಇಲ್ಲ ಎಂದಿದ್ದೀರಿ. ಕರಾಟೆ, ಜೂಡೊ, ಬಾಕ್ಸಿಂಗ್, ಮುಯೇ ಥಾಯ್ (ಗುದ್ದು, ಒದೆತಗಳ ಥಾಯ್ ಕಲೆ), ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಹಿಡಿದು ಮಣಿಸುವ ಕಲೆ) ಇವುಗಳಲ್ಲಿ ಯಾವುದು ಹೆಚ್ಚು ಪರಿಣಾಮಕಾರಿ, ಎರಡನ್ನು ಒಟ್ಟಿಗೆ ಕಲಿಯಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಹದಿಹರೆಯದಲ್ಲಿ 6 ವರ್ಷ ಕರಾಟೆ ಕಲಿತು, ಬಹುಕಾಲ ಬಿಟ್ಟು, 34ನೆಯ ವಯಸ್ಸಿನಲ್ಲಿ ಜೂಡೊ ಶುರು ಮಾಡಿದವನು. ಕಲಿಸುವವನಲ್ಲ, ಇಂದಿಗೂ ಕಲಿಯುವವರ ಸಾಲಿನಲ್ಲೇ ನಿಲ್ಲುವವನು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಿ.

ಜೂಡೊ ಮ್ಯಾಟಿನ ಮೇಲೆ ಮೊದಲ ವಾರವೇ ನನಗೊಂದು ಪಾಠವಾಯಿತು. ನನಗಿಂತ ಬಹಳ ಹಗುರವಾಗಿದ್ದ ಹುಡುಗನೊಬ್ಬ ನನ್ನ ಅಂಗಿಯ ಕೊರಳಪಟ್ಟಿಯನ್ನೂ ತೋಳನ್ನೂ ಹಿಡಿದುಕೊಂಡ ಕೂಡಲೇ, 6 ವರ್ಷ ರೂಢಿಸಿಕೊಂಡಿದ್ದ ವರಸೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಏನಾಯಿತೆಂದು ತಿಳಿಯುವಷ್ಟರಲ್ಲಿ ನಾನು ಬೆನ್ನ ಮೇಲೆ ಬಿದ್ದಿದ್ದೆ. ಇದಕ್ಕೆ ಕರಾಟೆಯನ್ನು ದೂರುವುದು ನ್ಯಾಯವಲ್ಲ. ನಾನು ಕಲಿತ ತರಗತಿಯಲ್ಲಿ ಜೊತೆಗಾರ ಒಂದು ಹೆಜ್ಜೆ ಮುಂದಿಟ್ಟು ಗುದ್ದಿ, ನಾನು ನನ್ನ ಮೂರು ಏಟುಗಳನ್ನು ತೋರಿಸಿ ಮುಗಿಸುವವರೆಗೆ ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತಿರುತ್ತಿದ್ದ. ಹಿಡಿದ ಕೈಯನ್ನು ಬಿಡದವನು, ನನ್ನ ತಂತ್ರವನ್ನು ಕೆಡಿಸಲೆಂದೇ ಎದುರಿಗೆ ನಿಂತವನು ಆ 6 ವರ್ಷಗಳಲ್ಲಿ ನನಗೆ ಸಿಕ್ಕಿರಲೇ ಇಲ್ಲ.

ಆದ್ದರಿಂದ ಒಂದು ಕಲೆಯ ಹೆಸರನ್ನು ವಿಚಾರಿಸುವ ಮೊದಲು, ಅಲ್ಲಿ ಎದುರಿಗಿರುವವನಿಗೆ ಏನೇನು ಮಾಡಲು ಅನುಮತಿಯಿದೆ ಎಂಬುದನ್ನು ವಿಚಾರಿಸಿ. ಈ ಮಾತಿನ ಹಿಂದಿರುವ ತರ್ಕ ಜೂಡೊದ ಹುಟ್ಟಿನಲ್ಲಿಯೇ ಕಾಣಸಿಗುತ್ತದೆ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಸ್ಥಾಪಿಸಿದ ಜಿಗೊರೊ ಕಾನೊ, ಹಳೆಯ ಜುಜುತ್ಸು ಪದ್ಧತಿಗಳಲ್ಲಿದ್ದ ಅಪಾಯಕಾರಿ ಏಟುಗಳನ್ನೂ ತಿರುಚುವಿಕೆಗಳನ್ನೂ ಕಾತಾ ಎಂಬ ನಿಗದಿತ ಅಭ್ಯಾಸಕ್ರಮಕ್ಕೆ ಸೀಮಿತಗೊಳಿಸಿ, ಪೂರ್ಣ ಬಲದಿಂದ ಮಾಡಿದರೂ ಜೊತೆಗಾರ ಮರುದಿನ ಮತ್ತೆ ಅಭ್ಯಾಸಕ್ಕೆ ಬರಬಹುದಾದಂತಹ ಎಸೆತ, ಹಿಡಿತ ಮತ್ತು ಪಟ್ಟುಗಳನ್ನು ರಾಂದೊರಿ ಎಂಬ ಮುಕ್ತ ಅಭ್ಯಾಸಕ್ಕೆ ಉಳಿಸಿಕೊಂಡರು. ಮೇಲ್ನೋಟಕ್ಕೆ ಕಲೆಯ ಹಲ್ಲು ಕಿತ್ತಂತೆ ಕಂಡರೂ ಫಲ ಬೇರೆಯೇ ಆಯಿತು. ಕಣ್ಣಿಗೆ ಬೆರಳು ಚುಚ್ಚುವ ವಿದ್ಯೆಯನ್ನು ಯಾರ ಮೇಲೂ ನಿಜವಾಗಿ ಪ್ರಯೋಗಿಸಿ ನೋಡಲಾಗದು, ಆದರೆ ಸೊಂಟದ ಮೇಲಿಂದ ಎಸೆಯುವ ವಿದ್ಯೆಯನ್ನು ಒಂದೇ ಸಂಜೆಯಲ್ಲಿ ಹತ್ತಾರು ಬಾರಿ, ಬೀಳಬಾರದೆಂದು ಹಟ ಹಿಡಿದವನ ಮೇಲೆಯೇ ಪ್ರಯತ್ನಿಸಬಹುದು. ಕುಸ್ತಿ, ಬಾಕ್ಸಿಂಗ್, ಮುಯೇ ಥಾಯ್, ಬ್ರೆಜಿಲಿಯನ್ ಜಿಯು-ಜಿಟ್ಸು ಇವೆಲ್ಲವೂ ಗಟ್ಟಿಯಾಗಿ ನಿಂತಿರುವುದು ಇದೇ ನೆಲೆಯ ಮೇಲೆ. 'ನಮ್ಮ ವಿದ್ಯೆ ಪ್ರಾಣಾಂತಿಕ, ಅದಕ್ಕಾಗಿಯೇ ನಾವು ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಕಾದಾಟ) ಮಾಡಿಸುವುದಿಲ್ಲ' ಎಂದು ಹೇಳುವವರನ್ನು ಕಂಡರೆ ನನಗಂತೂ ಅನುಮಾನ ಹುಟ್ಟುತ್ತದೆ.

ಯಾವುದು ಎಲ್ಲಕ್ಕಿಂತ ಮೇಲು ಎಂಬ ಪ್ರಶ್ನೆಗೆ 1993ರಲ್ಲಿ ಅಮೆರಿಕದಲ್ಲಿ ಬೇರೆ ಬೇರೆ ಸಮರ ಕಲೆಗಳವರು ಪರಸ್ಪರ ಸೆಣಸಿದ ಮೊದಲ ಯುಎಫ್‌ಸಿ ಪಂದ್ಯಾವಳಿಯನ್ನು ಅನೇಕರು ಉತ್ತರವಾಗಿ ತೋರಿಸುತ್ತಾರೆ. ಅಲ್ಲಿ ದೈತ್ಯ ಮೈಕಟ್ಟಿನವನೇನೂ ಅಲ್ಲದ ಜಿಯು-ಜಿಟ್ಸು ಆಟಗಾರ ರಾಯ್ಸ್ ಗ್ರೇಸಿ ಒಂದೇ ರಾತ್ರಿಯಲ್ಲಿ ಮೂವರನ್ನು ಸೋಲಿಸಿದ್ದು ನಿಜ, ಅದರಿಂದ ಜಿಯು-ಜಿಟ್ಸುವಿನ ಹೆಸರು ಜಗತ್ತಿಗೆಲ್ಲ ಹರಡಿದ್ದೂ ನಿಜ. ಆದರೆ ನೆಲದ ಮೇಲಿನ ಹೋರಾಟವನ್ನು ಉಳಿದವರೂ ಕಲಿತುಕೊಳ್ಳುತ್ತಿದ್ದಂತೆ ಆ ಮೇಲುಗೈ ಕರಗುತ್ತ ಬಂದಿತು, ಇಂದಿನ ಮಿಶ್ರ ಸಮರ ಕಲೆಯ ಆಟಗಾರರಲ್ಲಿ ಒಂದೇ ಪದ್ಧತಿಯನ್ನು ನೆಚ್ಚಿಕೊಂಡವರು ವಿರಳ.

ಪ್ರತಿ ಕಲೆಯೂ ತನ್ನ ಪಂದ್ಯದ ನಿಯಮಗಳಿಗೆ ತಕ್ಕಂತೆ ದೇಹವನ್ನು ತಿದ್ದುತ್ತದೆ ಮತ್ತು ಅದೇ ನಿಯಮಗಳಿಂದಾಗಿ ಒಂದು ಕಡೆ ಕುರುಡಾಗಿಯೂ ಉಳಿಯುತ್ತದೆ. ಒಲಿಂಪಿಕ್ಸ್ ಪದ್ಧತಿಯ ಟೇಕ್ವಾಂಡೊದಲ್ಲಿ ಮುಖಕ್ಕೆ ಗುದ್ದುವಂತಿಲ್ಲವಾದ್ದರಿಂದ ಕೈಗಳು ಕೆಳಗಿಳಿಯುವ ಅಭ್ಯಾಸ ಬಂದುಬಿಡುತ್ತದೆ. ಕ್ಯೋಕುಶಿನ್ ಕರಾಟೆಯಲ್ಲಿ ಎದೆ ಹೊಟ್ಟೆಗಳ ಮೇಲೆ ಬರಿಗೈಯ ಪೂರ್ಣ ಬಲದ ಏಟು ತಿನ್ನಬೇಕಾಗುತ್ತದೆ, ತಲೆಗೆ ಒದೆಯಲೂಬಹುದು, ಆದರೆ ಮುಖಕ್ಕೆ ಮುಷ್ಟಿ ನಿಷಿದ್ಧ. ಜೂಡೊ ಪಂದ್ಯಗಳಲ್ಲಿ ಕೈಯಿಂದ ಕಾಲು ಹಿಡಿದು ಕೆಡವುವುದನ್ನು 2010ರಲ್ಲಿ ಮಿತಿಗೊಳಿಸಿ 2013ರಲ್ಲಿ ಪೂರ್ತಿ ನಿಷೇಧಿಸಿದ ಮೇಲೆ, ಕುಸ್ತಿಯವನೊಬ್ಬ ಬಗ್ಗಿ ಕಾಲಿಗೆ ಬಂದರೆ ತಬ್ಬಿಬ್ಬಾಗುವ ಜೂಡೊ ಆಟಗಾರರು ಹೆಚ್ಚಾಗಿದ್ದಾರೆ. ಅವರಲ್ಲಿ ನಾನೂ ಒಬ್ಬ. ಇವುಗಳನ್ನು ದೋಷಗಳೆಂದು ನಾನು ಹೇಳುತ್ತಿಲ್ಲ. ನೀವು ಆರಿಸಿಕೊಳ್ಳುವ ಕಲೆಯ ಕುರುಡುಭಾಗ ಯಾವುದೆಂದು ಮೊದಲೇ ತಿಳಿದಿದ್ದರೆ, ಮುಂದೆ ನನಗಾದಂತಹ ಮುಖಭಂಗ ನಿಮಗಾಗುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ವಯಸ್ಸು ಮತ್ತು ದೇಹಸ್ಥಿತಿಯಲ್ಲಿ, ಇನ್ನೊಬ್ಬರು ಮೈಮೇಲೆ ಬೀಳುವುದಕ್ಕೆ ನಿಮಗೆ ಅಸಹ್ಯವಿಲ್ಲದಿದ್ದರೆ, ಜೂಡೊ, ಜಿಯು-ಜಿಟ್ಸುವಿನಂತಹ ಹಿಡಿತದ ಕಲೆಯೊಂದರಿಂದ ಶುರು ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮುಖ್ಯ ಕಾರಣ ತಲೆಯ ಸುರಕ್ಷತೆ. ಬಾಕ್ಸಿಂಗ್‌ನಲ್ಲಿ ನಾಲ್ಕೈದು ತಿಂಗಳಿಗೇ ಕೈಕಾಲು ಚುರುಕಾಗುತ್ತವೆ, ಅಷ್ಟು ಬೇಗ ಫಲ ಕೊಡುವ ಕಲೆ ಮತ್ತೊಂದಿಲ್ಲವೆಂದೇ ಹೇಳಬಹುದು. ಆದರೆ ಸ್ಪಾರಿಂಗ್ ಜೋರಾದ ಹಾಗೆಲ್ಲ ಮಿದುಳು ಲೆಕ್ಕವಿಟ್ಟುಕೊಳ್ಳುತ್ತಿರುತ್ತದೆ. ಹೆಡ್‌ಗಾರ್ಡ್ ಹಾಕಿಕೊಂಡರೆ ಚರ್ಮ ಹರಿಯುವುದು ತಪ್ಪುತ್ತದೆಯೇ ಹೊರತು ತಲೆಬುರುಡೆಯೊಳಗೆ ಮಿದುಳು ಅಲುಗುವುದು ತಪ್ಪುವುದಿಲ್ಲ. ಬಾಕ್ಸಿಂಗ್ ಅಥವಾ ಮುಯೇ ಥಾಯ್‌ಗೇ ಮನಸ್ಸು ಎಳೆಯುತ್ತಿದ್ದರೆ ಖಂಡಿತ ಹೋಗಿ, ಆದರೆ ವಾರದ ಬಹುಪಾಲು ಅಭ್ಯಾಸ ಪ್ಯಾಡ್ ಮತ್ತು ಗುದ್ದುವ ಚೀಲದ ಮೇಲೆ ನಡೆಯುವ, ಸ್ಪಾರಿಂಗ್ ಹಗುರವಾಗಿರುವ ಜಾಗವನ್ನೇ ಹುಡುಕಿ. ಏಟು ಬಿದ್ದ ಮೇಲೆ ತಲೆನೋವು, ಮಂಪರು, ವಾಕರಿಕೆ ಕಾಣಿಸಿಕೊಂಡರೆ ಆ ದಿನದ ಅಭ್ಯಾಸ ಅಲ್ಲಿಗೇ ನಿಲ್ಲಬೇಕು ಮತ್ತು ವೈದ್ಯರು ನೋಡುವವರೆಗೆ ಮತ್ತೆ ಶುರುವಾಗಬಾರದು.

ಹಿಡಿತದ ಕಲೆಗಳಲ್ಲಿ ಜೂಡೊ ಮೂವತ್ತು ದಾಟಿದ ದೇಹಕ್ಕೆ ಕಠಿಣ, ಏಕೆಂದರೆ ನಿಂತಲ್ಲಿಂದ ಬೀಳುವ ಬೀಳುವಿಕೆಗಳು ನೂರಾರು. ಜಿಯು-ಜಿಟ್ಸುವಿನ ಬಹುಭಾಗ ಮಂಡಿಯ ಮೇಲೆ ಅಥವಾ ಮಲಗಿಯೇ ನಡೆಯುವುದರಿಂದ ಪ್ರಾರಂಭ ಸ್ವಲ್ಪ ಮೃದುವಾಗಿರುತ್ತದೆ. ಆದರೂ ಸರಿಯಾಗಿ ಬೀಳುವುದನ್ನು ಕಲಿಸುವ ಕಲೆಯೊಂದರ ಋಣ ಜೀವನದುದ್ದಕ್ಕೂ ಇರುತ್ತದೆ: ಗದ್ದವನ್ನು ಎದೆಗೆ ಒತ್ತಿಕೊಳ್ಳುವುದು, ಉಸಿರು ಬಿಡುವುದು, ಅಂಗೈಯನ್ನು ಹಿಂದಕ್ಕೆ ಊರದೆ ಇಡೀ ತೋಳಿನಿಂದ ಮ್ಯಾಟನ್ನು ಬಡಿಯುವುದು. ಇದನ್ನು ಉಕೆಮಿ ಎನ್ನುತ್ತಾರೆ. ಮನುಷ್ಯರು ಜಗಳದಲ್ಲಿ ಬೀಳುವುದಕ್ಕಿಂತ ಒದ್ದೆ ನೆಲದ ಮೇಲೆ ಜಾರಿ ಬೀಳುವುದೇ ಹೆಚ್ಚಾದ್ದರಿಂದ, ನಾನು ಕಲಿತದ್ದರಲ್ಲಿ ನಿತ್ಯದ ಬದುಕಿಗೆ ಒದಗಿಬಂದ ಆತ್ಮರಕ್ಷಣೆ ಇದೊಂದೇ.

ಒಂದು ಕೇಂದ್ರಕ್ಕೆ ಸೇರುವ ಮುನ್ನ ಪಕ್ಕದಲ್ಲಿ ಕುಳಿತು ಪೂರ್ತಿ ಒಂದು ತರಗತಿಯನ್ನು ನೋಡಿ, ಮುಖ್ಯವಾಗಿ ಕೊನೆಯ ಅರ್ಧ ಗಂಟೆಯನ್ನು, ಏಕೆಂದರೆ ದಣಿದ ಮೇಲೆಯೇ ಜನರ ಸ್ವಭಾವ ಹೊರಬೀಳುತ್ತದೆ. ಹಿರಿಯ ವಿದ್ಯಾರ್ಥಿ ಹೊಸಬನೊಂದಿಗೆ ಆಡುವಾಗ ತನ್ನ ಬಲವನ್ನು ತಗ್ಗಿಸುತ್ತಾನೆಯೇ, ಯಾರಿಗಾದರೂ ಪೆಟ್ಟಾದಾಗ ಗುರುಗಳು ಏನು ಮಾಡುತ್ತಾರೆ, 'ಇದು ಏಕೆ ಹೀಗೆ' ಎಂದು ಕೇಳಿದವನಿಗೆ ಉತ್ತರ ಸಿಗುತ್ತದೆಯೇ ಅಥವಾ ಗದರಿಕೆಯೇ ಎಂಬುದನ್ನು ಗಮನಿಸಿ. ಗೋಡೆಯ ಮೇಲಿನ ಪ್ರಮಾಣಪತ್ರಗಳು ಇದರಷ್ಟು ವಿಷಯವನ್ನು ಹೇಳುವುದಿಲ್ಲ. ಬೆಲ್ಟ್‌ಗಳ ಬಗ್ಗೆ ಒಂದು ಮಾತು: ಕಪ್ಪು ಬೆಲ್ಟಿನ ಮೊದಲ ದರ್ಜೆಯ ಜಪಾನಿ ಹೆಸರು ಶೊದಾನ್, ಅಂದರೆ ಆರಂಭದ ಮೆಟ್ಟಿಲು. ಜಿಯು-ಜಿಟ್ಸುವಿನಲ್ಲಿ ಅಲ್ಲಿಗೆ ತಲುಪಲು ಸಾಮಾನ್ಯವಾಗಿ 10 ವರ್ಷವಾದರೂ ಹಿಡಿಯುತ್ತದೆ. ಒಂದು ವರ್ಷದಲ್ಲಿ ಕಪ್ಪು ಬೆಲ್ಟ್ ಕೊಡಿಸುತ್ತೇವೆಂದು ಮಾತು ಕೊಡುವ ಜಾಗದಿಂದ ಹಾಗೆಯೇ ಹಿಂದಿರುಗಿ. ಚಾಕು ಹಿಡಿದವನನ್ನು ಬರಿಗೈಯಲ್ಲಿ ಮಣಿಸುವುದನ್ನು ವಾರಾಂತ್ಯವೊಂದರಲ್ಲಿ ಕಲಿಸುವ ಜಾಗದಿಂದಲೂ ಅಷ್ಟೇ. ಚಾಕುವಿನ ಎದುರು ಓಡುವುದೇ ವಿದ್ಯೆ.

ಮೊದಲ ಆರು ತಿಂಗಳು ವಾರಕ್ಕೆ ಎರಡು ದಿನ, ಹೆಚ್ಚೆಂದರೆ ಮೂರು ದಿನ ಸಾಕು. ಉತ್ಸಾಹದಲ್ಲಿ ಐದು ದಿನ ಹೋಗುವವರು ಮೂರನೆಯ ತಿಂಗಳಿಗೆ ಕಾಣೆಯಾಗುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಮಾಂಸಖಂಡಗಳು ಬೇಗ ಗಟ್ಟಿಯಾಗುತ್ತವೆ, ಆದರೆ ಅವುಗಳನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳು ನಿಧಾನವಾಗಿ ಹೊಂದಿಕೊಳ್ಳುತ್ತವೆ, ಆದ್ದರಿಂದ ಶಕ್ತಿ ಬಂದಿದೆ ಎಂದು ಅನ್ನಿಸುವ ಹೊತ್ತಿನಲ್ಲಿಯೇ ಮೊಣಕೈ, ಭುಜ, ಮಂಡಿಗಳು ಕೈಕೊಡುತ್ತವೆ. ಗುದ್ದುವ ಕಲೆಯಾದರೆ ಕೈಗೆ ಪಟ್ಟಿ ಸುತ್ತದೆ ಚೀಲವನ್ನು ಗುದ್ದಬೇಡಿ, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದಲೇ ತಾಗಿಸಿ. ಕಿರುಬೆರಳಿನ ಕಡೆಯಿಂದ ತಾಗಿಸಿದರೆ ಅಲ್ಲಿನ ಅಂಗೈ ಮೂಳೆ ಮುರಿಯುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದನ್ನು ಬಾಕ್ಸರ್ಸ್ ಫ್ರಾಕ್ಚರ್ ಎಂದೇ ಕರೆಯುತ್ತಾರೆ. ಹಿಡಿತದ ಕಲೆಯಾದರೆ ಉಗುರು ಕತ್ತರಿಸಿಕೊಂಡು ಹೋಗಿ, ಮುಗಿದ ಕೂಡಲೇ ಸ್ನಾನ ಮಾಡಿ, ಬಟ್ಟೆಯನ್ನು ಪ್ರತಿ ಬಾರಿಯೂ ಒಗೆಯಿರಿ, ಏಕೆಂದರೆ ಮ್ಯಾಟಿನಿಂದ ಹುಳುಕಡ್ಡಿ ಹತ್ತುವುದು ಬಲು ಸುಲಭ. ಕೈ ತಿರುವಿನಲ್ಲಿ ಸಿಕ್ಕಿಕೊಂಡಾಗ ನೋವು ಬರುವವರೆಗೆ ಕಾಯದೆ, ತಪ್ಪಿಸಿಕೊಳ್ಳಲಾಗದೆಂದು ತಿಳಿದ ಕ್ಷಣವೇ ತಟ್ಟಿ ಸೋಲೊಪ್ಪಿ. ಒಂದು ಸಂಜೆ ಹುಸಿ ಅಭಿಮಾನದಿಂದ ನಾನು ಎರಡು ಸೆಕೆಂಡ್ ತಡಮಾಡಿದ್ದಕ್ಕೆ ನನ್ನ ಬಲ ಮೊಣಕೈ ಮೂರು ತಿಂಗಳು ನೀರಿನ ತಂಬಿಗೆ ಎತ್ತಲೂ ಬಿಡಲಿಲ್ಲ, ಮತ್ತು ತಪ್ಪು ನನ್ನ ಜೊತೆಗಾರನದಾಗಿರಲಿಲ್ಲ.

ಎರಡನ್ನು ಒಟ್ಟಿಗೆ ಕಲಿಯುವ ಪ್ರಶ್ನೆಗೆ ನನ್ನ ಉತ್ತರ, ಮೊದಲ ವರ್ಷ ಬೇಡ ಎಂಬುದು. ಬಾಕ್ಸಿಂಗ್‌ನ ನಿಲುವು, ಜೂಡೊದ ನಿಲುವು, ಮುಯೇ ಥಾಯ್‌ನ ನಿಲುವು ಒಂದರಂತೆ ಒಂದಿಲ್ಲ. ಕಾಲಿಗೆ ಒಂದು ನಿಲುವು ಒಗ್ಗುವ ಮುನ್ನವೇ ಇನ್ನೊಂದನ್ನು ಹೇರಿದರೆ ಎರಡೂ ಅರೆಬರೆಯಾಗುತ್ತವೆ. ಮುಕ್ತ ಅಭ್ಯಾಸದಲ್ಲಿ ಯೋಚಿಸದೆಯೇ ಕಾಲು ತಾನಾಗಿ ಸರಿಯಾದ ಜಾಗಕ್ಕೆ ಹೋಗತೊಡಗಿದಾಗ, ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಕ್ಕೆ, ಮೊದಲನೆಯದರ ಕುರುಡುಭಾಗವನ್ನು ತುಂಬುವಂತಹ ಎರಡನೆಯ ಕಲೆಯನ್ನು ವಾರಕ್ಕೊಂದು ದಿನ ಸೇರಿಸಿಕೊಳ್ಳಿ. ನಾನು ಕಳೆದ ವರ್ಷದಿಂದ ಕುಸ್ತಿಗೆ ಹೋಗುತ್ತಿದ್ದೇನೆ, ಕಾಲಿಗೆ ಬರುವವನನ್ನು ತಡೆಯುವುದು ಹೇಗೆಂದು ಈಗಷ್ಟೇ ಅರ್ಥವಾಗತೊಡಗಿದೆ.